ನವೋದಯ ಶಾಲೆಗೆ ಮಗಳು

ಉಯ್ಯಂಬಳ್ಳಿ ಕಡೆಯ ತಾಯಂದಿರು ಕೇಳುತ್ತಾರೆ. "ಮೇಷ್ಟ್ರೇ, ಮಗಳು ಐದನೇ ಕ್ಲಾಸು. ನವೋದಯಕ್ಕೆ ಸೇರಿಸಬೇಕು. ಅಲ್ಲಿ ನಮ್ಮನ್ನೂ ಪ್ರಶ್ನೆ ಕೇಳ್ತಾರಂತೆ. ಏನು ಹೇಳೋದು?"

ಹೆದರಬೇಡಿ ಅಕ್ಕಾ. ಆರನೇ ತರಗತಿಗೆ ಸಂದರ್ಶನ ಇಲ್ಲ. ಪರೀಕ್ಷೆ ಮಾತ್ರ.

ಎರಡು ಗಂಟೆ ಸಮಯ. 80 ಪ್ರಶ್ನೆ, 100 ಅಂಕ. ಕನ್ನಡದಲ್ಲೇ ಬರೆಯಬಹುದು. ಅರ್ಧ ಪ್ರಶ್ನೆಗಳು ಚಿತ್ರ ನೋಡಿ ಯೋಚಿಸುವಂಥವು. ಉಳಿದವು ಲೆಕ್ಕ ಮತ್ತು ಭಾಷೆ. ಸಂತೆಯ ಲೆಕ್ಕವನ್ನು ಮಗಳಿಂದಲೇ ಮಾಡಿಸಿ. ಅದೂ ಓದೇ.

ಅರ್ಜಿಗೆ ದುಡ್ಡಿಲ್ಲ. ಊಟ, ವಸತಿ, ಪುಸ್ತಕ ಉಚಿತ. "ಸೀಟು ಕೊಡಿಸ್ತೀನಿ, ದುಡ್ಡು ಕೊಡಿ" ಅಂದರೆ ಕೊಡಬೇಡಿ.

ಈ ಪರೀಕ್ಷೆಯನ್ನು ಒಂದು ಮಗು ಒಮ್ಮೆ ಮಾತ್ರ ಬರೆಯಬಹುದು. ಹುಟ್ಟಿದ ದಿನ ತಪ್ಪಾದರೆ ಸೀಟು ಹೋದೀತು. ಅರ್ಜಿಯನ್ನು ನೀವೇ ಓದಿ. ಆಮೇಲೆ ಸಹಿ ಹಾಕಿ.