ಇಂದಿನ ಧಮ್ಮ ಚಿಂತನೆ: ಸಂತುಟ್ಠಿ ಮತ್ತು ಹಕ್ಕು





ಕರಿಘಟ್ಟದ ತಪ್ಪಲಿನ ನಮ್ಮದು ನಾಲೆ ಸೀಮೆ. ಗದ್ದೆಗೆ ನೀರು ನಿಲ್ಲಿಸಿ ಭತ್ತ ಬೆಳೆಯುವುದೇ ರೂಢಿ. ನಾನು ತಾರಸಿಯಲ್ಲಿ ಬೆಳೆಸುವ ಸೆಡಮ್ ಇದಕ್ಕೆ ತದ್ವಿರುದ್ಧ. ಚಾಪೆಯಂತೆ ಹಬ್ಬುವ ಈ ಗಿಡ ನಮ್ಮ ಕಾಡುಬಸಳೆಯ ಕುಟುಂಬದ್ದು. ತಳದಲ್ಲಿ ತೂತಿರುವ ಅಗಲದ ಕುಂಡ, ಅರ್ಧ ಮಣ್ಣು, ಅರ್ಧ ದಪ್ಪ ಮರಳು ಸಾಕು. ಎರಡಿಂಚಿನ ತುಂಡು ಕತ್ತರಿಸಿ, ಕತ್ತರಿಸಿದ ಜಾಗ ಒಣಗಲು ಎರಡು ದಿನ ನೆರಳಲ್ಲಿಟ್ಟು ಊರಿದರೆ ಬೇರು ಬಿಡುತ್ತದೆ. ಮಣ್ಣು ಪೂರ್ತಿ ಒಣಗಿದ ಮೇಲೆಯೇ ನೀರು ಹಾಕಬೇಕು. ಹೆಚ್ಚಾದರೆ ಬೇರು ಕೊಳೆಯುತ್ತದೆ. ನೀರು ಕಡಿಮೆಯಾದಾಗ ಇದು ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆದು ಗಾಳಿ ಎಳೆದುಕೊಳ್ಳುತ್ತದೆ.

ಇದನ್ನು ನೋಡಿದರೆ 'ಸಂತುಟ್ಠಿ', ಅಂದರೆ ಸಂತೃಪ್ತಿ ನೆನಪಾಗುತ್ತದೆ. ಆದರೆ ಇಲ್ಲಿ ಎಚ್ಚರ ಬೇಕು. ಕಡಿಮೆ ನೀರು ಈ ಗಿಡದ ಸ್ವಭಾವ. ನಮ್ಮ ಹಿರಿಯರಿಗೆ ಕೆರೆ, ಬಾವಿಯ ನೀರು ಸಿಗದಂತೆ ಮಾಡಿದ್ದು ಜಾತಿ. ಅದನ್ನು ಸಹಿಸಿಕೊಂಡು ತೃಪ್ತರಾಗಿರಿ ಎಂಬುದು ಧಮ್ಮವಲ್ಲ. 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ಇದನ್ನು ಬಿಡಿಸಿ ಹೇಳಿದ್ದಾರೆ: ಸಂತೃಪ್ತಿಯೆಂದರೆ ಮಿತಿಯಿಲ್ಲದ ಲೋಭಕ್ಕೆ ಸಿಲುಕದಿರುವುದು, ಪರಿಸ್ಥಿತಿಗೆ ಶರಣಾಗುವುದಲ್ಲ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯ ನೀರು ಕುಡಿದು ತೋರಿಸಿದವರೂ ಅವರೇ.

ಇಂದಿನ ಅಭ್ಯಾಸ: 'ಸಾಲದು' ಎನಿಸಿದಾಗ ಕೇಳಿಕೊಳ್ಳೋಣ, ಇದು ಲೋಭವೋ ಹಕ್ಕೋ? ಲೋಭವಾದರೆ ಬಿಡೋಣ. ಹಕ್ಕಾದರೆ ಒಟ್ಟಾಗಿ ಕೇಳೋಣ.

ಭವತು ಸಬ್ಬ ಮಂಗಲಂ.