ಸ್ಟುಡಿಯೊ ಮೆಟ್ಟಿಲು ಹತ್ತುವ ಮುನ್ನ: ಹೊಸ ಬ್ಯಾಂಡಿಗೆ ಹತ್ತು ಸೂತ್ರ

ನಮ್ಮ ಬ್ಯಾಂಡಿನ ಮೊದಲ ರೆಕಾರ್ಡಿಂಗ್ ದಿನ ಮೊದಲ ಎರಡು ಗಂಟೆ ನುಂಗಿದ್ದು ಒಂದು ಹಾರ್ಮೋನಿಯಂ. ಊರ ಭಜನೆಯಲ್ಲಿ ಪಳಗಿದ ಹಳೆಯ ಪೆಟ್ಟಿಗೆ. ಪಕ್ಕದಲ್ಲಿ ಹೊಸ ಕೀಬೋರ್ಡ್. ಎರಡನ್ನೂ ಒಟ್ಟಿಗೆ ನುಡಿಸಿದರೆ ಹಲ್ಲು ಜುಮ್ಮೆನ್ನುವ ಅಪಶ್ರುತಿ. ಗಾಜಿನ ಆಚೆಯಿಂದ ಎಂಜಿನಿಯರ್ ಕೇಳಿದರು: “ಸಾರ್, ಇವೆರಡರಲ್ಲಿ ಯಾವುದನ್ನ ಸರಿ ಅಂತ ಇಟ್ಕೊಳ್ಳೋಣ?” ಏಳು ಜನರಲ್ಲಿ ಒಬ್ಬರ ಬಳಿಯೂ ಉತ್ತರವಿರಲಿಲ್ಲ. ಮೂರು ವರ್ಷ ವೇದಿಕೆಯ ಗದ್ದಲದಲ್ಲಿ ಅಡಗಿದ್ದ ದೋಷವನ್ನು ಮೈಕು ಮೂರು ನಿಮಿಷದಲ್ಲಿ ಹಿಡಿದುಹಾಕಿತ್ತು. ಗೋಡೆಯ ಗಡಿಯಾರ ಮಾತ್ರ ತಾಳ ತಪ್ಪದೆ ಓಡುತ್ತಿತ್ತು; ಅದರ ಹಿಂದೆ ಬಾಡಿಗೆಯೂ.

‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂದು ಹಿರಿಯರು ಗೇಲಿ ಮಾಡಿದ್ದು ನಮ್ಮಂಥವರನ್ನು ನೋಡಿಯೇ ಇರಬೇಕು. ಸ್ಟುಡಿಯೊದಲ್ಲಿ ನುಡಿಸಬೇಕು, ಹಾಡಬೇಕು. ತೀರ್ಮಾನಗಳೆಲ್ಲ ಮನೆಯಲ್ಲೇ ಮುಗಿದಿರಬೇಕು. ಆ ತೀರ್ಮಾನಗಳ ಪಟ್ಟಿ ಇಲ್ಲಿದೆ.

1. ಹಾಡು ಕಡಿಮೆ ಆರಿಸಿ

ಒಂದು ದಿನ ಸಿಕ್ಕಿದೆಯೇ? ಒಂದು ಹಾಡು, ಹೆಚ್ಚೆಂದರೆ ಎರಡು. ‘ಬೀಟಲ್ಸ್ ಒಂದೇ ದಿನದಲ್ಲಿ ಆಲ್ಬಂ ಮುಗಿಸಿದರಲ್ಲ’ ಎಂದು ಯಾರಾದರೂ ವಾದಿಸುತ್ತಾರೆ. ನಿಜ, 1963ರ ಫೆಬ್ರುವರಿ 11ರಂದು ಲಂಡನ್ನಿನ ಇಎಂಐ ಸ್ಟುಡಿಯೊದಲ್ಲಿ ಅವರು ತಮ್ಮ ಮೊದಲ ಆಲ್ಬಮ್ಮಿನ ಹತ್ತು ಹಾಡುಗಳನ್ನು ಮುಗಿಸಿದರು. ಆದರೆ ಅದಕ್ಕೆ ಮುಂಚೆ ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ, ಲಿವರ್‌ಪೂಲಿನ ಕ್ಯಾವರ್ನ್‌ನಲ್ಲಿ ನೂರಾರು ರಾತ್ರಿ ನುಡಿಸಿ ಕೈ ಪಳಗಿಸಿಕೊಂಡಿದ್ದರು. ಆ ರಾತ್ರಿಗಳ ಲೆಕ್ಕ ನಮ್ಮಲ್ಲಿದ್ದರೆ ಹತ್ತು ಹಾಡಿಗೆ ಕೈಹಾಕೋಣ.

2. ಹಾಡಿನ ನಕ್ಷೆ ಬರೆದಿಡಿ

ಪಲ್ಲವಿ ಎಷ್ಟು ಸಲ, ಚರಣದ ನಡುವೆ ಕೊಳಲು ಎಷ್ಟು ಆವರ್ತ, ಕೊನೆಯಲ್ಲಿ ನಿಲ್ಲುವುದು ಎಲ್ಲಿ, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಎಲ್ಲರಿಗೂ ಒಂದೊಂದು ಪ್ರತಿ ಕೊಡಿ. ‘ನಾನು ಕಣ್ಣು ಹೊಡೆದಾಗ ನಿಲ್ಲಿಸು’ ಎಂಬ ಒಪ್ಪಂದ ವೇದಿಕೆಗೆ ಸರಿ. ಸ್ಟುಡಿಯೊದಲ್ಲಿ ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿರುತ್ತೀರಿ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದ ಗೌಹರ್ ಜಾನ್, ಗಂಟೆಗಟ್ಟಲೆ ಹಾಡಬಹುದಾದ ರಾಗವನ್ನು ಸುಮಾರು ಮೂರು ನಿಮಿಷದ ತಟ್ಟೆಗೆ ಇಳಿಸಬೇಕಿತ್ತು. ಏನು ಉಳಿಸಬೇಕು, ಏನು ಬಿಡಬೇಕು ಎಂಬುದು ಆಕೆಗೆ ಗೊತ್ತಿತ್ತು. ನಿಮ್ಮ ಏಳು ನಿಮಿಷದ ಹಾಡನ್ನೂ ಒಮ್ಮೆ ಆ ಕಣ್ಣಿನಿಂದ ನೋಡಿ.

3. ಕ್ಲಿಕ್ ಜೊತೆ ಸ್ನೇಹ ಬೆಳೆಸಿ

ಹೆಡ್‌ಫೋನಿನಲ್ಲಿ ‘ಟಕ್ ಟಕ್’ ಎನ್ನುವ ಮೆಟ್ರೊನೋಮ್ ಮೊದಲ ಸಲ ಕೇಳಿದವರಿಗೆ ಶತ್ರುವಿನಂತೆ ಕಾಣುತ್ತದೆ. ಕನಿಷ್ಠ ಎರಡು ವಾರ ಅದರೊಡನೆ ಅಭ್ಯಾಸ ಮಾಡಿ. ಹಾಡಿನ ಬಿಪಿಎಂ (ನಿಮಿಷಕ್ಕೆ ಬಡಿತ) ಎಷ್ಟೆಂದು ನಕ್ಷೆಯ ತಲೆಯಲ್ಲೇ ಬರೆದಿಡಿ. ಆದರೆ ಡೊಳ್ಳು, ಕಂಸಾಳೆಯ ಹಾಡುಗಳಿಗೆ ಕೊನೆಗೆ ಬರುತ್ತಾ ವೇಗ ಏರುವುದೇ ಸೊಗಸು. ಅಂಥ ಹಾಡಿಗೆ ಎರಡು ದಾರಿ: ಕ್ಲಿಕ್ ಬಿಟ್ಟು ಎಲ್ಲರೂ ಒಟ್ಟಿಗೆ ನುಡಿಸುವುದು, ಇಲ್ಲವೇ ಎಲ್ಲಿಂದ ಎಷ್ಟು ವೇಗ ಏರಬೇಕೆಂದು ಎಂಜಿನಿಯರಿಗೆ ಮೊದಲೇ ಬರೆದುಕೊಡುವುದು.

4. ಬದಲಾಗದ ವಾದ್ಯಕ್ಕೆ ಬದಲಾಗುವ ವಾದ್ಯ ಹೊಂದಲಿ

ಗಿಟಾರಿನ ಕಿವಿ ತಿರುವಬಹುದು, ತಬಲಾದ ಗಟ್ಟಕ್ಕೆ ಸುತ್ತಿಗೆ ತಟ್ಟಬಹುದು. ಹಾರ್ಮೋನಿಯಂನ ರೀಡನ್ನು ಸ್ಟುಡಿಯೊದಲ್ಲಿ ಕೂತು ತಿದ್ದಲಾಗದು. ಕೊಳಲೂ ಹೆಚ್ಚು ಮಣಿಯದು. ಆದ್ದರಿಂದ ಮನೆಯಲ್ಲೇ ಫೋನಿನ ಟ್ಯೂನರ್ ಆ್ಯಪ್ ಹಿಡಿದು ಹಾರ್ಮೋನಿಯಂ ಎಲ್ಲಿ ನಿಂತಿದೆ ನೋಡಿ. ಕೀಬೋರ್ಡುಗಳು ಸಾಮಾನ್ಯವಾಗಿ 440 ಹರ್ಟ್ಸಿಗೆ ಕೂತಿರುತ್ತವೆ. ನಮ್ಮ ಪೆಟ್ಟಿಗೆ 443ರಲ್ಲಿತ್ತು. ಕೀಬೋರ್ಡಿನ ಸೆಟಿಂಗ್ಸ್‌ನಲ್ಲಿ ಅದನ್ನೂ 443ಕ್ಕೆ ಏರಿಸಿದರೆ ಮುಗಿಯಿತು. ಹತ್ತು ಸೆಕೆಂಡಿನ ಆ ಕೆಲಸ ಗೊತ್ತಾಗಲು ನಮಗೆ ಎರಡು ಗಂಟೆ ಹಿಡಿಯಿತು.

5. ನಿಮ್ಮನ್ನು ನೀವೇ ಕೇಳಿಸಿಕೊಳ್ಳಿ

ಪ್ರತಿ ತಾಲೀಮನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ, ಮರುದಿನ ಕೇಳಿ. ನುಡಿಸುವಾಗ ಕೇಳಿಸದ ಎಡವಟ್ಟು ಆಗ ಕಿವಿಗೆ ಬೀಳುತ್ತದೆ. ಇನ್ನೊಂದು ಕಠಿಣ ಪರೀಕ್ಷೆ: ಒಬ್ಬೊಬ್ಬರೂ ತಮ್ಮ ಭಾಗವನ್ನು ಒಂಟಿಯಾಗಿ, ಆರಂಭದಿಂದ ಕೊನೆಯವರೆಗೆ ನುಡಿಸಲಿ. ಗುಂಪಿನಲ್ಲಿ ಗೋವಿಂದ ಎನ್ನುತ್ತಿದ್ದವರು ಯಾರು ಎಂಬುದು ಅಲ್ಲೇ ಬಯಲಾಗುತ್ತದೆ.

6. ವಾದ್ಯಗಳ ಆರೋಗ್ಯ ನೋಡಿ

ಗಿಟಾರಿಗೆ ಹೊಸ ತಂತಿ ಎರಡು ದಿನ ಮುಂಚೆ ಹಾಕಿ. ಬೆಳಿಗ್ಗೆ ಹಾಕಿದ ತಂತಿ ಇಡೀ ದಿನ ಜಗ್ಗುತ್ತಾ ಶ್ರುತಿ ಇಳಿಯುತ್ತದೆ. ಕೇಬಲ್, ಬ್ಯಾಟರಿ, ಪಿಕ್, ಡ್ರಮ್ ಕೋಲು, ಎಲ್ಲದಕ್ಕೂ ಒಂದೊಂದು ಹೆಚ್ಚುವರಿ ಇರಲಿ. ಚರ್ಮವಾದ್ಯಗಳಿಗೆ ಎಸಿ ಕೋಣೆ ಪರಸ್ಥಳ. ಒಂದು ಗಂಟೆ ಮೊದಲೇ ಒಳಗಿಟ್ಟು ಹವೆಗೆ ಒಗ್ಗಿಸಿ. ತಮಟೆ ಇದ್ದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಕಾಯಿಸಲು ಹೊರಗೆ ಜಾಗವಿದೆಯೇ? ಬೆಂಕಿ ಕಾಣದ ತಮಟೆ ದಪ್ಪ ರಟ್ಟಿನಂತೆ ನುಡಿಯುತ್ತದೆ.

7. ಸ್ಟುಡಿಯೊಗೆ ಬರಿಗೈಯಲ್ಲಿ ಒಮ್ಮೆ ಹೋಗಿ

ವಾರ ಮುಂಚೆ ಹೋಗಿ, ಚಹಾ ಕುಡಿಯುತ್ತಾ ವಿಚಾರಿಸಿ. ಬಾಡಿಗೆ ಗಂಟೆಗೋ ಶಿಫ್ಟಿಗೋ? ಮೈಕ್ ಜೋಡಿಸುವ ಸಮಯವೂ ಲೆಕ್ಕಕ್ಕೆ ಬರುತ್ತದೆಯೇ? ಡ್ರಮ್ಸ್ ಒಂದಕ್ಕೇ ಮೈಕ್ ಹೊಂದಿಸಲು ಗಂಟೆ ಹಿಡಿಯಬಹುದು. ಎಲ್ಲರೂ ಒಟ್ಟಿಗೆ ನುಡಿಸಬಹುದೇ, ಒಬ್ಬೊಬ್ಬರಾಗಿಯೇ? ಮಿಕ್ಸಿಂಗ್ ಬೆಲೆಯಲ್ಲಿ ಸೇರಿದೆಯೇ, ತಿದ್ದುಪಡಿ ಎಷ್ಟು ಸಲ? ಉತ್ತರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ನಿಮಗೆ ಇಷ್ಟವಾದ ಎರಡು ಹಾಡು ಕೇಳಿಸಿ, ‘ನಮ್ಮ ಡೊಳ್ಳು ಹೀಗೆ ಕೇಳಬೇಕು’ ಎನ್ನಿ. ಎಂಜಿನಿಯರಿಗೆ ನೂರು ವಿಶೇಷಣಕ್ಕಿಂತ ಒಂದು ಮಾದರಿ ಮೇಲು.

8. ಗಂಟಲನ್ನೂ ಅಕ್ಷರವನ್ನೂ ಕಾಪಾಡಿ

ಹಿಂದಿನ ರಾತ್ರಿ ಗಾಯಕರು ನಿದ್ದೆ ಮಾಡಲಿ. ‘ಕೊನೆಯ ತಾಲೀಮು’ ಎಂದು ಹನ್ನೆರಡು ಗಂಟೆಯವರೆಗೆ ಕಿರುಚಿಸಬೇಡಿ. ಮೈಕಿನಿಂದ ಒಂದು ಗೇಣು ದೂರ ನಿಲ್ಲಿ. ಪ, ಬ, ಭ ಅಕ್ಷರಗಳ ಗಾಳಿ ಮೈಕಿಗೆ ಬಡಿದು ‘ಧಪ್’ ಎನ್ನುತ್ತದೆ, ಸ ಮತ್ತು ಶ ಕಿವಿ ಸೀಳುತ್ತವೆ. ಲ–ಳ, ಅ–ಹ ಬೇರೆಬೇರೆಯಾಗಿ ಕೇಳಬೇಕು. ಸಾಹಿತ್ಯವನ್ನು ದೊಡ್ಡ ಅಕ್ಷರದಲ್ಲಿ ಬರೆದು, ಉಸಿರು ತೆಗೆಯುವ ಕಡೆ ಗೆರೆ ಎಳೆದು, ಸ್ಟ್ಯಾಂಡಿನ ಮೇಲಿಡಿ. ಕೈಯಲ್ಲಿ ಹಿಡಿದ ಹಾಳೆ ಸರಗುಟ್ಟುತ್ತದೆ. ಬಳೆ, ಗೆಜ್ಜೆ, ಗಡಿಯಾರ ಹೊರಗೆ. ಗಂಟಲು ಹರಿಯುವ ಹಾಡು ಕೊನೆಗೆ. 1963ರ ಆ ದಿನ ಬೀಟಲ್ಸ್ ಮಾಡಿದ್ದೂ ಅದನ್ನೇ. ನೆಗಡಿಯಾಗಿದ್ದ ಜಾನ್ ಲೆನನ್ ‘ಟ್ವಿಸ್ಟ್ ಅಂಡ್ ಶೌಟ್’ ಅನ್ನು ರಾತ್ರಿ ಕೊನೆಯದಾಗಿ ಹಾಡಿದರು. ಮೊದಲ ಟೇಕೇ ಆಲ್ಬಂ ಸೇರಿತು. ಎರಡನೆಯದಕ್ಕೆ ದನಿಯೇ ಉಳಿದಿರಲಿಲ್ಲ.

9. ಕೊನೆಯ ಮಾತು ಒಬ್ಬರದ್ದಿರಲಿ

‘ಇನ್ನೊಂದು ಟೇಕ್ ಬೇಕಾ, ಇದೇ ಸಾಕಾ?’ ಎಂಬ ಪ್ರಶ್ನೆಗೆ ಏಳು ಜನರ ಸಭೆ ನಡೆಸಿದರೆ ದಿನ ಮುಗಿಯುತ್ತದೆ. ಇಬ್ಬರ ಜಗಳದಲ್ಲಿ ಮೂರನೆಯವರಿಗೆ ಲಾಭ. ಇಲ್ಲಿ ಆ ಮೂರನೆಯದು ಗಡಿಯಾರ. ಒಬ್ಬರನ್ನು ಮೊದಲೇ ಆರಿಸಿ. ಅಗತ್ಯವಾದರೆ ಹೊರಗಿನ ವಾದಕರನ್ನು ಕರೆಸಲೂ ನಾಚಬೇಡಿ. 1962ರ ಸೆಪ್ಟೆಂಬರ್ 11ರಂದು ಬೀಟಲ್ಸ್‌ನ ‘ಲವ್ ಮಿ ಡು’ ಹಾಡಿಗೆ ಡ್ರಮ್ಸ್ ನುಡಿಸಿದ್ದು ಹೊರಗಿನಿಂದ ಬಂದ ಆಂಡಿ ವೈಟ್. ಬ್ಯಾಂಡಿನದೇ ಡ್ರಮ್ಮರ್ ರಿಂಗೊ ಸ್ಟಾರ್ ಕೈಗೆ ಸಿಕ್ಕಿದ್ದು ಟ್ಯಾಂಬರಿನ್. ಅವರು ಬ್ಯಾಂಡ್ ಬಿಡಲಿಲ್ಲ.

10. ಹಕ್ಕಿನ ಲೆಕ್ಕ ಮೊದಲು, ಫೈಲಿನ ಲೆಕ್ಕ ಕೊನೆಗೆ

ಸಾಹಿತ್ಯ ಯಾರದ್ದು, ರಾಗ ಸಂಯೋಜನೆ ಯಾರದ್ದು, ಪಾಲು ಎಷ್ಟೆಷ್ಟು ಎಂದು ಬರೆದು ಸಹಿ ಹಾಕಿ. ಶಿಶುನಾಳ ಶರೀಫರು 1889ರಲ್ಲೇ ತೀರಿಕೊಂಡವರು. ಅವರ ತತ್ವಪದ ಹಾಡಲು ಯಾರ ಅನುಮತಿಯೂ ಬೇಡ. ಆದರೆ ಕವಿ ತೀರಿಕೊಂಡ ಮೇಲೂ ಕೃತಿಸ್ವಾಮ್ಯ 60 ವರ್ಷ ಉಳಿಯುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಯಾದರೆ 2041 ಮುಗಿಯುವವರೆಗೆ ಅನುಮತಿ ಬೇಕು. ಜನಪದ ಹಾಡನ್ನು ಯಾರ ಬಾಯಿಂದ ಕಲಿತಿರೋ ಆ ಕಲಾವಿದರ ಹೆಸರು ಹಾಕುವುದು ಕಾನೂನಿಗಿಂತ ಋಣದ ಮಾತು.

ಮರಳುವಾಗ ಮಿಕ್ಸ್ ಜೊತೆಗೆ ಬಿಡಿಬಿಡಿ ಟ್ರ್ಯಾಕುಗಳನ್ನೂ ಹಾರ್ಡ್ ಡಿಸ್ಕಿಗೆ ಹಾಕಿಸಿಕೊಳ್ಳಿ. 24 ಬಿಟ್, 48 ಕಿಲೋಹರ್ಟ್ಸಿನ ಒಂದು ಮೋನೊ ಟ್ರ್ಯಾಕ್ ನಿಮಿಷಕ್ಕೆ ಸುಮಾರು 8.6 ಎಂಬಿ. ಐದು ನಿಮಿಷದ ಹಾಡಿಗೆ 30 ಟ್ರ್ಯಾಕ್ ಎಂದರೆ ಒಂದೇ ಟೇಕಿಗೆ ಸುಮಾರು 1.3 ಜಿಬಿ, ಪೆನ್‌ಡ್ರೈವ್ ನಂಬಿ ಹೋಗಬೇಡಿ. ಪ್ರತಿ ಫೈಲಿಗೂ ಹಾಡು, ವಾದ್ಯ, ಟೇಕ್ ಸಂಖ್ಯೆ ಇರುವ ಹೆಸರಿಡಿಸಿ. ಗೌಹರ್ ಜಾನ್ ಹಾಡು ಮುಗಿಸಿ ತಟ್ಟೆಯಲ್ಲೇ ತಮ್ಮ ಹೆಸರು ಹೇಳುತ್ತಿದ್ದರು. ದೂರದ ಜರ್ಮನಿಯಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಇದು ಯಾರ ಹಾಡೆಂದು ತಿಳಿಯಬೇಕಿತ್ತು. ಆಕೆ 1930ರಲ್ಲಿ ನಮ್ಮ ಮೈಸೂರಿನಲ್ಲಿ ತೀರಿಕೊಂಡರು. ಆ ತಟ್ಟೆಗಳಲ್ಲಿ ಹೆಸರು ಇಂದಿಗೂ ಸ್ಪಷ್ಟವಾಗಿ ಕೇಳುತ್ತದೆ.

ನಮ್ಮ ಹಾರ್ಮೋನಿಯಂ ಮೇಲೂ ಈಗ ಒಂದು ಚೀಟಿ ಅಂಟಿದೆ. ಅದರಲ್ಲಿರುವುದು ಮೂರೇ ಅಂಕಿ: 443. ಎರಡನೇ ಸಲ ಸ್ಟುಡಿಯೊಗೆ ಹೋದಾಗ ಎಂಜಿನಿಯರ್ ಬಾಯಿ ತೆರೆಯುವ ಮುಂಚೆಯೇ ಕೀಬೋರ್ಡಿನ ಹುಡುಗ ಚೀಟಿ ನೋಡಿ ಶ್ರುತಿ ಸೇರಿಸಿದ. ಹತ್ತೂವರೆಗೆ ಒಳಹೊಕ್ಕವರು ಊಟದ ಹೊತ್ತಿಗೆ ಮೊದಲ ಹಾಡು ಮುಗಿಸಿದ್ದೆವು.