ಹದಿನಾರೋ, ನಲವತ್ತೆಂಟೋ?

ಗುಂಡ್ಲುಪೇಟೆ ದಾಟಿ ಊಟಿ ರಸ್ತೆಯಲ್ಲಿ ಬಂಡೀಪುರಕ್ಕೆ ಹೋದರೆ ಹುಲಿ ಕಾಣುತ್ತೋ ಇಲ್ವೋ, ಕೋತಿಗಳಂತೂ ಕಾಣ್ತವೆ. ಕೋತಿ ಹಿಂಡಿನ ಬಗ್ಗೆ ಎರಡನೇ ಭಾಸ್ಕರಾಚಾರ್ಯರು 12ನೇ ಶತಮಾನದ ತಮ್ಮ ‘ಬೀಜಗಣಿತ’ದಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ. ಅದನ್ನೇ ಬಂಡೀಪುರಕ್ಕೆ ತಂದು ಬಿಡಿಸೋಣ.

ಹಿಂಡಿನ ಎಂಟನೇ ಒಂದು ಭಾಗದ ವರ್ಗದಷ್ಟು ಕೋತಿಗಳು ಕಾಡಲ್ಲಿ ಆಡ್ತಿವೆ. ಉಳಿದ 12 ಗುಡ್ಡದ ಮೇಲಿವೆ. ಒಟ್ಟು ಎಷ್ಟು?

ಗೊತ್ತಿಲ್ಲದ ಸಂಖ್ಯೆಗೆ ನಾವು ಎಕ್ಸ್ ಅಂತೀವಿ. ಭಾಸ್ಕರರು ‘ಯಾವತ್ತಾವತ್’ ಅಂತಿದ್ರು, ಚಿಕ್ಕದಾಗಿ ‘ಯಾ’. ನಾವೂ ಹಾಗೇ ಬರೆಯೋಣ.

(ಯಾ/8)² + 12 = ಯಾ

64ರಿಂದ ಗುಣಿಸಿ ಎಲ್ಲವನ್ನೂ ಒಂದೇ ಕಡೆಗೆ ತಂದರೆ:

ಯಾ² − 64ಯಾ + 768 = 0

ಈಗ ಗುಣಿಸಿದರೆ 768, ಕೂಡಿಸಿದರೆ 64 ಬರುವ ಎರಡು ಸಂಖ್ಯೆ ಬೇಕು. 24 ಮತ್ತು 32? ಮೊತ್ತ 56, ಸಾಲದು. 12 ಮತ್ತು 64? 76, ಜಾಸ್ತಿ ಆಯ್ತು. ನಡುವೆ 16 ಮತ್ತು 48 ಸರಿಹೋಗುತ್ತೆ. ಮಧ್ಯದ ಪದವನ್ನು ಒಡೆಯೋಣ:

ಯಾ(ಯಾ − 16) − 48(ಯಾ − 16) = 0
(ಯಾ − 16)(ಯಾ − 48) = 0

ಎರಡು ದ್ವಿಪದಗಳ ಗುಣಲಬ್ಧ ಸೊನ್ನೆ ಅಂದ್ರೆ ಎರಡರಲ್ಲಿ ಒಂದಾದರೂ ಸೊನ್ನೆ ಆಗಲೇಬೇಕು. ಅಪವರ್ತಿಸೋದು ಇದಕ್ಕೇ. ಬಲಗಡೆ ಸೊನ್ನೆ ಬದಲು 5 ಇದ್ದಿದ್ರೆ ಹೀಗೆ ಹೇಳೋಕಾಗ್ತಿರಲಿಲ್ಲ.

ಉತ್ತರ 16 ಅಥವಾ 48. ತಾಳೆ ನೋಡಿ: 2² + 12 = 16; 6² + 12 = 48. ಎರಡೂ ಸರಿ! ಭಾಸ್ಕರರೂ ಎರಡನ್ನೂ ಒಪ್ಪಿದರು.

ಅವರ ಮುಂದಿನ ಲೆಕ್ಕದಲ್ಲಿ ಹೀಗಾಗಲ್ಲ. ಹಿಂಡಿನ ಐದನೇ ಒಂದು ಭಾಗದಲ್ಲಿ 3 ಕಳೆದು, ವರ್ಗ ಮಾಡಿದಷ್ಟು ಕೋತಿಗಳು ಗುಹೆಗೆ ಹೋದವು, ಒಂದು ಹೊರಗುಳಿಯಿತು. ಬಿಡಿಸಿದರೆ (ಯಾ − 50)(ಯಾ − 5) = 0. ಆದರೆ 5 ಹಾಕಿದರೆ ಐದನೇ ಭಾಗ 1. ಅದರಲ್ಲಿ 3 ಕಳೆದರೆ −2 ಕೋತಿ! ವರ್ಗ ಮಾಡಿದಾಗ ಮೈನಸ್ ಮರೆಯಾಗಿ ಸಮೀಕರಣ ಸರಿಹೋಗುತ್ತೆ, ಕೋತಿ ಸರಿಹೋಗಲ್ಲ. ಭಾಸ್ಕರರು 5ನ್ನು ಬಿಟ್ಟರು.

ಪರೀಕ್ಷೆಯಲ್ಲಿ ನಾವು ‘ಮೈನಸ್ ಬಂದ್ರೆ ಬಿಡು, ಪ್ಲಸ್ ಬಂದ್ರೆ ಬರಿ’ ಅಂತ ಮುಂದೆ ಹೋಗ್ತೀವಿ. ಇಲ್ಲಿ 5 ಕೂಡ ಪ್ಲಸ್ಸೇ. ಹಾಗಾಗಿ ಸಿಕ್ಕ ಪ್ರತಿ ಉತ್ತರವನ್ನೂ ಮೂಲ ಪ್ರಶ್ನೆಗೆ ಹಾಕಿ ನೋಡಬೇಕು. ಮೊದಲ ಲೆಕ್ಕದ ಹಾಗೆ ಎರಡೂ ಉಳಿದರೆ ಇನ್ನೊಂದು ಮಾಹಿತಿ ಬೇಕು. 16ಕ್ಕೂ 48ಕ್ಕೂ ಮೂರು ಪಟ್ಟು ವ್ಯತ್ಯಾಸ; ಯಾವುದು ಅಂತ ಸಮೀಕರಣ ಹೇಳಲ್ಲ, ಕಾಡಿಗೆ ಹೋಗಿ ಎಣಿಸಿದವರು ಹೇಳಬೇಕು.

ನಿಮಗೊಂದು ಲೆಕ್ಕ: ಜಿಂಕೆ ಹಿಂಡಿನ ಕಾಲು ಭಾಗದ ವರ್ಗದಷ್ಟು ಮೇಯ್ತಿವೆ, ಉಳಿದ 3 ಕೆರೆ ಹತ್ತಿರ ಇವೆ. ಮೇಯೋವೇ ಹೆಚ್ಚು. ಒಟ್ಟು ಎಷ್ಟು?